ಮುಖಪುಟ ಮತ್ತು ಉದ್ದಿಷ್ಟ ವಾಚಕ: ಅಮೆರಿಕದ ನಿಯತಕಾಲಿಕಗಳ ಚರಿತ್ರೆಯಿಂದ ಒಂದು ಅಧ್ಯಯನ

ನಿಯತಕಾಲಿಕಗಳನ್ನು ಇತಿಹಾಸದ ಆಕರಗಳನ್ನಾಗಿ ಬಳಸುವ ವಿದ್ವಾಂಸರು ಸಾಮಾನ್ಯವಾಗಿ ಅವುಗಳ ಒಳಪುಟಗಳಿಂದಲೇ ತಮ್ಮ ಕಾರ್ಯವನ್ನು ಆರಂಭಿಸುತ್ತಾರೆ. ಸಂಪಾದಕೀಯ, ಲೇಖನ, ಕಥೆ, ವಾಚಕರ ಪತ್ರ ಇವುಗಳಿಗೆ ಸಲ್ಲುವ ಗಮನವು ಹೊರಗಿನ ಹೊದಿಕೆಗೆ ಸಲ್ಲುವುದು ವಿರಳ. ಮುಖಪುಟವು ಅಲಂಕಾರ ಮಾತ್ರ, ವಿಷಯವೆಲ್ಲ ಒಳಗಿದೆ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಆದರೆ ಸ್ವಲ್ಪ ವಿಚಾರಮಾಡಿದರೆ ಈ ಭಾವನೆ ನಿಲ್ಲುವಂತಹುದಲ್ಲ. ಒಳಪುಟಗಳು ಪತ್ರಿಕೆಯನ್ನು ಆಗಲೇ ಕೈಗೆತ್ತಿಕೊಂಡವನಿಗಾಗಿ ಬರೆಯಲ್ಪಟ್ಟವು. ಮುಖಪುಟವಾದರೋ ಇನ್ನೂ ಕೈಗೆತ್ತಿಕೊಳ್ಳದವನನ್ನು ಉದ್ದೇಶಿಸಿ ರಚಿತವಾದುದು. ಆದುದರಿಂದ ಪತ್ರಿಕೆಯ ಒಡೆಯರು ತಮ್ಮ ವಾಚಕನು ಯಾರೆಂದು ಎಣಿಸಿದ್ದರು, ಯಾರನ್ನು ಕರೆಯಬಯಸಿದ್ದರು, ಯಾರನ್ನು ಕರೆಯಲು ಮನಸ್ಸುಮಾಡಲಿಲ್ಲ ಎಂಬುದು ಮುಖಪುಟದಲ್ಲಿ ತಿಳಿದುಬರುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ತಿಳಿದುಬರುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಈ ವಿಚಾರವನ್ನು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ನಿಯತಕಾಲಿಕಗಳನ್ನು ಆಧಾರವಾಗಿಟ್ಟುಕೊಂಡು ವಿವೇಚಿಸಲು ಉದ್ದೇಶಿಸಿದ್ದೇವೆ. ಮುಖಪುಟದ ಇಂದಿನ ಸಂಪ್ರದಾಯಗಳಲ್ಲಿ ಬಹುಪಾಲು ಆ ದೇಶದಲ್ಲಿ, ೧೮೯೩ರಿಂದ ೧೯೬೩ರವರೆಗಿನ ಎಪ್ಪತ್ತು ವರ್ಷಗಳಲ್ಲಿ ರೂಪುಗೊಂಡುವು. ಇಂಗ್ಲೆಂಡಿನ ಪೂರ್ವಚರಿತ್ರೆಯನ್ನು ಅವಶ್ಯವಿದ್ದಷ್ಟೇ ಹೇಳಿ, ಕೊನೆಯಲ್ಲಿ ಕನ್ನಡದ ಪತ್ರಿಕೆಗಳ ಅಧ್ಯಯನಕ್ಕೆ ಇದರಿಂದ ದೊರೆಯುವ ಸೂಚನೆಗಳನ್ನು ಪ್ರಸ್ತಾಪಿಸುತ್ತೇವೆ.

೧. ಬದಲಾಗದ ಮುಖಪುಟ

‘ಮ್ಯಾಗಜೀನ್’ ಎಂಬ ಮಾತಿಗೆ ಉಗ್ರಾಣವೆಂದು ಅರ್ಥ. ಆ ಹೆಸರನ್ನು ನಿಯತಕಾಲಿಕಕ್ಕೆ ಮೊದಲು ಇಟ್ಟವನು ಲಂಡನ್ನಿನ ಮುದ್ರಕನಾದ ಎಡ್ವರ್ಡ್ ಕೇವ್. ೧೭೩೧ರ ಜನವರಿಯಲ್ಲಿ ಅವನು ಹೊರಡಿಸಿದ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ ಮೊದಲ ಪುಟದಲ್ಲಿ ಅವನ ಮುದ್ರಣಾಲಯವಿದ್ದ ಸೇಂಟ್ ಜಾನ್ಸ್ ಗೇಟ್ ಎಂಬ ಹಳೆಯ ಹೆಬ್ಬಾಗಿಲಿನ ಮರದಚ್ಚಿನ ಚಿತ್ರವಿರುತ್ತಿತ್ತು. ತಿಂಗಳು ತಿಂಗಳೂ ಅದೇ ಬಾಗಿಲು. ಚಿತ್ರವು ಸಂಚಿಕೆಯ ವಿಷಯವನ್ನು ಹೇಳುತ್ತಿರಲಿಲ್ಲ. ಪತ್ರಿಕೆಯು ಎಲ್ಲಿಂದ ಬಂದಿತೆಂಬುದನ್ನು ಹೇಳುತ್ತಿತ್ತು. ಅಂಗಡಿಯ ಹಲಗೆಯಂತೆ ಅದು ಗುರುತಿನ ಮುದ್ರೆಯಾಗಿದ್ದಿತು.

ಈ ಸಂಪ್ರದಾಯವು ಒಂದೂವರೆ ಶತಮಾನ ಉಳಿಯಿತು. ‘ಪಂಚ್’ ಎಂಬ ಹಾಸ್ಯಪತ್ರಿಕೆ ೧೮೪೧ರಲ್ಲಿ ಆರಂಭವಾಗಿ, ಮೊದಲ ಕೆಲವು ವರ್ಷಗಳಲ್ಲಿ ಹಲವು ಚಿತ್ರಗಳನ್ನು ಪರೀಕ್ಷಿಸಿ, ೧೮೪೯ರಲ್ಲಿ ರಿಚರ್ಡ್ ಡಾಯಲ್ ಬರೆದ ಚಿತ್ರವನ್ನು ಸ್ಥಿರಪಡಿಸಿಕೊಂಡಿತು. ಆ ಚಿತ್ರವೇ ೧೯೫೬ರವರೆಗೆ ಅದರ ಮುಖವಾಗಿತ್ತು. ಅಮೆರಿಕದಲ್ಲಿ ೧೮೫೦ರಲ್ಲಿ ಹುಟ್ಟಿದ ‘ಹಾರ್ಪರ್ಸ್ ನ್ಯೂ ಮಂತ್ಲಿ’ ಪತ್ರಿಕೆಯೂ ಕಂಬಗಳು, ಹೂಗಳು, ಪುಟ್ಟ ಮಕ್ಕಳು ಇವುಗಳಿಂದ ಕೂಡಿದ ಒಂದೇ ವಿನ್ಯಾಸವನ್ನು ದಶಕಗಳ ಕಾಲ ಉಳಿಸಿಕೊಂಡಿತು.

ಬದಲಾಗದ ಮುಖಪುಟವು ಎಂತಹ ವಾಚಕನನ್ನು ಸೂಚಿಸುತ್ತದೆ? ನಿಸ್ಸಂದೇಹವಾಗಿ ಚಂದಾದಾರನನ್ನು. ಅವನು ವರ್ಷದ ಹಣವನ್ನು ಮೊದಲೇ ಸಲ್ಲಿಸಿದ್ದಾನೆ. ಅವನನ್ನು ಪ್ರತಿ ತಿಂಗಳೂ ಹೊಸದಾಗಿ ಒಲಿಸಬೇಕಾಗಿಲ್ಲ. ಅವನು ಬಯಸುವುದು ನಂಬಿಕೆಯ ಗುರುತನ್ನು. ವರ್ಷಾಂತ್ಯದಲ್ಲಿ ಸಂಚಿಕೆಗಳನ್ನು ಒಟ್ಟಾಗಿ ಬೈಂಡು ಮಾಡಿಸಿ ಕಪಾಟಿನಲ್ಲಿರಿಸುವಾಗ ಹೊದಿಕೆಯನ್ನು ಕಿತ್ತು ಬಿಸಾಡಿದರೂ ಅವನಿಗೆ ನಷ್ಟವಿಲ್ಲ, ಏಕೆಂದರೆ ಹನ್ನೆರಡು ಹೊದಿಕೆಗಳೂ ಒಂದೇ. ಗ್ರಂಥಾಲಯಗಳಲ್ಲಿ ಇಂದಿಗೂ ನಡೆದುಬಂದಿರುವ ಒಂದು ರೂಢಿಯ ಮೂಲವು ಇಲ್ಲಿದೆ. ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಇದಕ್ಕೆ ಒಂದು ಅಪವಾದವನ್ನು ಇಲ್ಲಿಯೇ ಹೇಳಬೇಕು. ೧೮೩೨ರಲ್ಲಿ ಚಾರ್ಲ್ಸ್ ನೈಟ್ ಎಂಬ ಪ್ರಕಾಶಕನು ಉಪಯುಕ್ತ ಜ್ಞಾನಪ್ರಸಾರ ಸಂಘದ ಪರವಾಗಿ ಲಂಡನ್ನಿನಲ್ಲಿ ‘ಪೆನ್ನಿ ಮ್ಯಾಗಜೀನ್’ ಎಂಬ ವಾರಪತ್ರಿಕೆಯನ್ನು ಹೊರಡಿಸಿದನು. ಅದರ ಬೆಲೆ ಒಂದು ಪೆನ್ನಿ. ಅದರ ಉದ್ದಿಷ್ಟ ವಾಚಕನು ಕೂಲಿಯಿಂದ ಬದುಕುವ ಕೆಲಸಗಾರನು. ಅವನಿಗೆ ವರ್ಷದ ಚಂದಾ ಕೊಡುವ ಶಕ್ತಿಯಿರಲಿಲ್ಲ. ಬೀದಿಯಲ್ಲಿ ಬಿಡಿ ಸಂಚಿಕೆಯನ್ನು ಕೊಳ್ಳುತ್ತಿದ್ದನು. ಆ ಪತ್ರಿಕೆಯ ಮೊದಲ ಪುಟದಲ್ಲಿ ವಾರವಾರವೂ ಹೊಸ ಮರದಚ್ಚಿನ ಚಿತ್ರ ಬರುತ್ತಿತ್ತು. ಅದರ ಪ್ರಸಾರವು ಎರಡು ಲಕ್ಷ ಪ್ರತಿಗಳನ್ನು ಮುಟ್ಟಿತೆಂದು ಹೇಳುತ್ತಾರೆ. ಬಿಡಿಯಾಗಿ ಕೊಳ್ಳುವವನಿಗೆ ಬದಲಾಗುವ ಮುಖ, ಒಟ್ಟಾಗಿ ಕೊಳ್ಳುವವನಿಗೆ ಸ್ಥಿರವಾದ ಮುಖ ಎಂಬ ನಿಯಮವು ಅರವತ್ತು ವರ್ಷ ಮೊದಲೇ ಇಲ್ಲಿ ಬೀಜರೂಪದಲ್ಲಿ ಕಾಣಿಸಿಕೊಂಡಿತು.

೨. ೧೮೯೩ರ ಪರಿವರ್ತನೆ

ಅಮೆರಿಕದಲ್ಲಿ ಈ ಬೀಜವು ಮೊಳೆಯಲು ಮೂರು ಕಾರಣಗಳು ಒದಗಿಬಂದುವು. ಮೊದಲನೆಯದು ಅಂಚೆ. ೧೮೭೯ರ ಅಂಚೆ ಕಾಯಿದೆಯು ನಿಯತಕಾಲಿಕಗಳಿಗೆ ಅಗ್ಗದ ದರವನ್ನು ಗೊತ್ತುಪಡಿಸಿತು; ೧೮೮೫ರಲ್ಲಿ ಅದು ಪೌಂಡಿಗೆ ಒಂದು ಸೆಂಟಿಗೆ ಇಳಿಯಿತು. ಎರಡನೆಯದು ಹಾಫ್‌ಟೋನ್ ಬ್ಲಾಕು. ಮರದಲ್ಲಿ ಚಿತ್ರ ಕೆತ್ತುವ ನುರಿತ ಕೆಲಸಗಾರನ ದಿನಗಟ್ಟಲೆಯ ದುಡಿಮೆಗೆ ಬದಲಾಗಿ, ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆದು ಲೋಹದ ಮೇಲೆ ಇಳಿಸುವ ಈ ವಿಧಾನವು ಚಿತ್ರಮುದ್ರಣದ ವೆಚ್ಚವನ್ನು ಬಹಳವಾಗಿ ತಗ್ಗಿಸಿತು. ಮೂರನೆಯದು ರೈಲುಮಾರ್ಗದಿಂದ ದೇಶವೆಲ್ಲ ಒಂದೇ ಮಾರುಕಟ್ಟೆಯಾದುದು. ಸಾಬೂನು, ಬಿಸ್ಕತ್ತು, ಬೈಸಿಕಲ್ಲು ತಯಾರಿಸುವವರು ದೇಶದ ಉದ್ದಗಲಕ್ಕೂ ಜಾಹೀರಾತು ಕೊಡಲು ಮಾಧ್ಯಮವನ್ನು ಅರಸುತ್ತಿದ್ದರು.

೧೮೯೩ರಲ್ಲಿ ದೇಶವು ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿತು. ಆ ವರ್ಷವೇ ಬೆಲೆಯ ಪೈಪೋಟಿ ಪ್ರಾರಂಭವಾಯಿತು. ಜೂನ್ ತಿಂಗಳಿನಲ್ಲಿ ‘ಮೆಕ್ಲೂರ್ಸ್’ ಪತ್ರಿಕೆ ಹದಿನೈದು ಸೆಂಟಿನ ಬೆಲೆಯಿಂದ ಹೊರಟಿತು. ಅಕ್ಟೋಬರಿನಲ್ಲಿ ಫ್ರ್ಯಾಂಕ್ ಮನ್ಸಿ ತಮ್ಮ ‘ಮನ್ಸೀಸ್’ ಮಾಸಪತ್ರಿಕೆಯ ಬೆಲೆಯನ್ನು ೨೫ ಸೆಂಟಿನಿಂದ ೧೦ ಸೆಂಟಿಗೆ ಇಳಿಸಿದರು. ಸಗಟು ವಿತರಣೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಸಂಸ್ಥೆಯು ಆ ಬೆಲೆಗೆ ಒಪ್ಪದಿದ್ದಾಗ ಅಂಗಡಿಯವರಿಗೇ ನೇರವಾಗಿ ಪ್ರತಿಗಳನ್ನು ಕಳುಹಿಸಿದರು. ೪೦ ಸಾವಿರದಷ್ಟಿದ್ದ ಪ್ರಸಾರವು ೧೮೯೫ರ ಹೊತ್ತಿಗೆ ೫ ಲಕ್ಷಕ್ಕೆ ಏರಿತೆಂದು ಮನ್ಸಿ ಸಾರಿದರು.

ಇಲ್ಲಿ ನಡೆದ ಮುಖ್ಯ ಬದಲಾವಣೆ ಲೆಕ್ಕದ ಪುಸ್ತಕಕ್ಕೆ ಸಂಬಂಧಿಸಿದುದು. ಹತ್ತು ಸೆಂಟಿಗೆ ಮಾರಿದ ಪ್ರತಿಯಿಂದ ಅಚ್ಚು ಕಾಗದಗಳ ಖರ್ಚು ಹುಟ್ಟದು. ಆ ಕೊರತೆಯನ್ನು ತುಂಬಿ ಲಾಭವನ್ನೂ ತರುವವನು ಜಾಹೀರಾತುದಾರ. ಅವನು ಕೊಳ್ಳುವುದು ವಾಚಕರ ಸಂಖ್ಯೆಯನ್ನು. ಹೀಗಾಗಿ ಪತ್ರಿಕೆಯು ಎರಡು ಬಾರಿ ಮಾರಾಟವಾಗುವ ಸರಕಾಯಿತು: ವಾಚಕನಿಗೆ ಪತ್ರಿಕೆ, ಜಾಹೀರಾತುದಾರನಿಗೆ ವಾಚಕ. ಮುಖಪುಟದ ಚರಿತ್ರೆಯಲ್ಲಿ ಮುಂದೆ ನಡೆದುದೆಲ್ಲವೂ ಈ ಎರಡು ಮಾರಾಟಗಳ ನಡುವಣ ಎಳೆದಾಟದಿಂದ ಹುಟ್ಟಿದುದೆಂದು ನಮ್ಮ ಅಭಿಪ್ರಾಯ.

ಸ್ಥಿರವಾದ ಮುಖವನ್ನು ಬಿಡಲು ಹಳೆಯ ಪತ್ರಿಕೆಗಳು ಸುಲಭವಾಗಿ ಒಪ್ಪಲಿಲ್ಲ. ‘ಹಾರ್ಪರ್ಸ್’ ಕಂಡುಕೊಂಡ ಉಪಾಯವು ಕುತೂಹಲಕರವಾದುದು. ೧೮೯೩ರಿಂದ ಅದು ಎಡ್ವರ್ಡ್ ಪೆನ್‌ಫೀಲ್ಡ್ ಎಂಬ ಕಲಾವಿದರಿಂದ ತಿಂಗಳಿಗೊಂದು ಭಿತ್ತಿಚಿತ್ರವನ್ನು ಬರೆಯಿಸಿ ಅಂಗಡಿಗಳಲ್ಲಿ ತೂಗುಹಾಕಿಸಿತು. ಮುಖಪುಟ ಚಂದಾದಾರನಿಗಾಗಿ ಹಾಗೆಯೇ ಉಳಿಯಿತು. ದಾರಿಹೋಕನಿಗಾಗಿ ಬದಲಾಗುವ ಚಿತ್ರವು ಅದರ ಹೊರಗೆ, ಗೋಡೆಯ ಮೇಲೆ ನಿಂತಿತು. ಆ ಭಿತ್ತಿಚಿತ್ರವೇ ಗೋಡೆಯಿಂದಿಳಿದು ಪತ್ರಿಕೆಯ ಮೈಮೇಲೆ ಅಂಟಿಕೊಂಡಾಗ ಆಧುನಿಕ ಮುಖಪುಟ ಹುಟ್ಟಿತೆಂದು ಹೇಳಬಹುದು. ಶಿಕಾಗೋದ ‘ಇನ್‌ಲೆಂಡ್ ಪ್ರಿಂಟರ್’ ಎಂಬ ಮುದ್ರಣಕಾರರ ಪತ್ರಿಕೆಗೆ ವಿಲ್ ಬ್ರ್ಯಾಡ್ಲಿ ೧೮೯೪ರಿಂದ ಪ್ರತಿ ಸಂಚಿಕೆಗೂ ಹೊಸ ಮುಖವನ್ನು ರಚಿಸಿಕೊಟ್ಟರು. ಅಮೆರಿಕದಲ್ಲಿ ಸಂಚಿಕೆಯಿಂದ ಸಂಚಿಕೆಗೆ ಬದಲಾದ ಮುಖಪುಟಗಳಲ್ಲಿ ಇವೇ ಮೊದಲಿನವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯ ಸಂಪಾದಕರಾದ ಎಡ್ವರ್ಡ್ ಬಾಕ್ ಈ ಗೌರವವು ತಮ್ಮದೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಯಾರು ಮೊದಲಿಗರೆಂಬ ವಾದಕ್ಕಿಂತ, ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ದಾರಿಯನ್ನು ಹಿಡಿದರೆಂಬುದು ಹೆಚ್ಚು ಗಮನಾರ್ಹ.

ವಿನ್ಯಾಸದ ಕೆಲವು ನಿಯಮಗಳು ಅಂಗಡಿಯ ಅವಶ್ಯಕತೆಯಿಂದಲೇ ಹುಟ್ಟಿದುವು. ಅಂಗಡಿಯವನು ಪತ್ರಿಕೆಗಳನ್ನು ಒಂದರ ಮೇಲೊಂದು ಅರೆಮುಚ್ಚುವಂತೆ ಸಾಲಾಗಿ ಜೋಡಿಸುತ್ತಾನೆ. ಹಾಗೆ ಜೋಡಿಸಿದಾಗ ಕಾಣುವುದು ಮೇಲಿನ ಪಟ್ಟಿ ಅಥವಾ ಎಡದ ಅಂಚು ಮಾತ್ರ. ಆದುದರಿಂದ ಪತ್ರಿಕೆಯ ಹೆಸರು ತಲೆಯಲ್ಲಿಯೇ, ಎಲ್ಲ ಸಂಚಿಕೆಗಳಲ್ಲಿಯೂ ಒಂದೇ ಅಕ್ಷರರೂಪದಲ್ಲಿ ಇರಬೇಕಾಯಿತು. ಹಳೆಯ ಸ್ಥಿರ ಮುಖಪುಟವು ಹೀಗೆ ಕುಗ್ಗಿ ಹೆಸರಿನ ಪಟ್ಟಿಯೊಳಗೆ ಸೇರಿಕೊಂಡಿತು. ಉಳಿದ ಜಾಗ ಬದಲಾಗುವ ಚಿತ್ರಕ್ಕೆ ಬಿಟ್ಟುಹೋಯಿತು. ಹತ್ತು ಹೆಜ್ಜೆ ದೂರದಿಂದ ಕಾಣಬೇಕಾದುದರಿಂದ ಚಿತ್ರದಲ್ಲಿ ಆಕೃತಿಗಳು ಕಡಮೆಯಾಗಿ, ದೊಡ್ಡದಾಗಿ, ಸಾಧ್ಯವಾದರೆ ಒಂದೇ ಮುಖವಾಗಿರಬೇಕಾಯಿತು.

೩. ಎಲ್ಲರ ಮನೆಯ ಪತ್ರಿಕೆ

ಈ ನಿಯಮಗಳನ್ನು ಪೂರ್ಣವಾಗಿ ದುಡಿಸಿಕೊಂಡ ಸಂಸ್ಥೆಯೆಂದರೆ ಫಿಲಡೆಲ್ಫಿಯದ ಸೈರಸ್ ಕರ್ಟಿಸ್ ಅವರದು. ಅವರ ‘ಲೇಡೀಸ್ ಹೋಮ್ ಜರ್ನಲ್’ ೧೯೦೩ರ ಹೊತ್ತಿಗೆ ಹತ್ತು ಲಕ್ಷ ಪ್ರತಿಗಳನ್ನು ಮುಟ್ಟಿತು. ೧೮೯೭ರಲ್ಲಿ ಅವರು ಸಾಯುವ ಸ್ಥಿತಿಯಲ್ಲಿದ್ದ ‘ಸ್ಯಾಟರ್ಡೆ ಈವನಿಂಗ್ ಪೋಸ್ಟ್’ ಎಂಬ ವಾರಪತ್ರಿಕೆಯನ್ನು ಒಂದು ಸಾವಿರ ಡಾಲರಿಗೆ ಕೊಂಡರು. ೧೮೯೯ರಿಂದ ಜಾರ್ಜ್ ಹೊರೇಸ್ ಲಾರಿಮರ್ ಅದರ ಸಂಪಾದಕರಾದರು. ೧೯೦೮ರ ಕೊನೆಗೆ ಅದರ ಪ್ರಸಾರವೂ ಹತ್ತು ಲಕ್ಷವನ್ನು ದಾಟಿತು.

ಆ ಪತ್ರಿಕೆಯ ಮುಖಪುಟದಲ್ಲಿ, ಹೆಸರಿನ ಕೆಳಗೆ, ಅದನ್ನು ೧೭೨೮ರಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಸ್ಥಾಪಿಸಿದರೆಂಬ ಒಕ್ಕಣೆ ಅಚ್ಚಾಗುತ್ತಿತ್ತು. ಇತಿಹಾಸದ ದೃಷ್ಟಿಯಿಂದ ಇದು ನಿಲ್ಲುವ ಮಾತಲ್ಲ. ಪತ್ರಿಕೆ ಹುಟ್ಟಿದುದು ೧೮೨೧ರಲ್ಲಿ. ಫ್ರ್ಯಾಂಕ್ಲಿನ್ನರ ಪತ್ರಿಕೆ ಅಚ್ಚಾಗುತ್ತಿದ್ದ ಮುದ್ರಣಾಲಯದಲ್ಲಿ ಇದೂ ಅಚ್ಚಾಗಿತ್ತೆಂಬ ತೆಳುವಾದ ಎಳೆಯನ್ನು ಹಿಡಿದು ಈ ವಂಶಾವಳಿಯನ್ನು ನೇಯ್ದಿದ್ದರು. ಆದರೆ ಈ ಒಕ್ಕಣೆ ಯಾರಿಗಾಗಿ ಎಂದು ಕೇಳಿದರೆ ಅದರ ಪ್ರಯೋಜನ ತಿಳಿಯುತ್ತದೆ. ಐದು ಸೆಂಟು ಕೊಟ್ಟು ಕೊಳ್ಳುವ ಗುಮಾಸ್ತ, ವರ್ತಕ, ರೈತ ಇವರಿಗೆ ತಾವು ದೇಶದ ಮೂಲಪುರುಷರೊಬ್ಬರ ಪತ್ರಿಕೆಯನ್ನು ಓದುತ್ತಿದ್ದೇವೆಂಬ ಸಮಾಧಾನವನ್ನು ಅದು ನೀಡುತ್ತಿತ್ತು. ಫ್ರ್ಯಾಂಕ್ಲಿನ್ನರೂ ದುಡಿಮೆ, ಮಿತವ್ಯಯಗಳಿಂದ ಮೇಲೆ ಬಂದವರೆಂಬುದನ್ನು ಇಲ್ಲಿ ನೆನೆಯಬೇಕು.

೧೯೨೬ರವರೆಗೆ ‘ಪೋಸ್ಟ್’ ಮುಖಪುಟವು ಕಪ್ಪು, ಕೆಂಪು ಎಂಬ ಎರಡೇ ಬಣ್ಣಗಳಲ್ಲಿ ಮುದ್ರಿತವಾಗುತ್ತಿತ್ತು. ಕಲಾವಿದನು ಚಿತ್ರದಲ್ಲಿ ಎಲ್ಲಿ ಕೆಂಪನ್ನಿಡಬೇಕೆಂದು ಮೊದಲೇ ಆಲೋಚಿಸಬೇಕಾಗಿತ್ತು: ಟೋಪಿಯೋ, ಮೇಜಿನ ಬಟ್ಟೆಯೋ, ಹುಡುಗನ ಕೆನ್ನೆಯೋ. ಹಿನ್ನೆಲೆ ಬಹುಮಟ್ಟಿಗೆ ಬಿಳಿಯ ಬಯಲು. ಅದರ ಮೇಲೆ ಕತ್ತರಿಸಿಟ್ಟಂತೆ ಕಾಣುವ ಒಂದೆರಡು ಆಕೃತಿಗಳು. ಈ ಕಟ್ಟಿನೊಳಗೆ ಜೆ. ಸಿ. ಲೈಯೆಂಡೆಕರ್ ೧೮೯೯ರಿಂದ ೧೯೪೩ರವರೆಗೆ ಮುನ್ನೂರಕ್ಕೂ ಮಿಗಿಲಾದ ಮುಖಪುಟಗಳನ್ನು ಬರೆದರು. ಹೊಸ ವರ್ಷವನ್ನು ಪುಟ್ಟ ಕೂಸಾಗಿ ಚಿತ್ರಿಸುವ ಅವರ ಪದ್ಧತಿ ೧೯೦೬ರ ಕೊನೆಯಲ್ಲಿ ಮೊದಲಾಗಿ ಮೂವತ್ತಾರು ವರ್ಷ ನಡೆಯಿತು. ಕೆಂಪು ಅಂಗಿಯ ಸಾಂಟಾ ಕ್ಲಾಸ್ ಮುದುಕನ ರೂಪವು ಜನಮನದಲ್ಲಿ ನೆಲೆಗೊಳ್ಳಲು ಅವರ ಡಿಸೆಂಬರಿನ ಮುಖಪುಟಗಳೂ ಒಂದು ಕಾರಣ. ನಾರ್ಮನ್ ರಾಕ್‌ವೆಲ್ ಅವರ ಮೊದಲ ಮುಖಪುಟ ಪ್ರಕಟವಾದುದು ೧೯೧೬ರ ಮೇ ೨೦ರಂದು. ೧೯೬೩ರವರೆಗೆ ಅವರದೂ ಮುನ್ನೂರನ್ನು ಮೀರಿತು.

ಈ ಚಿತ್ರಗಳ ಸಾಮಾನ್ಯ ಲಕ್ಷಣವೇನು? ಅವು ಒಳಗಿನ ಯಾವ ಲೇಖನಕ್ಕೂ ಸಂಬಂಧಿಸಿದವಲ್ಲ. ಹಬ್ಬ, ಋತು, ಮಕ್ಕಳ ತುಂಟತನ, ಅಜ್ಜಂದಿರ ಒಣಹೆಮ್ಮೆ, ಪ್ರೇಮಿಗಳ ನಾಚಿಕೆ ಇವುಗಳೇ ವಸ್ತು. ಪಕ್ಷಭೇದ, ಮತಭೇದ, ಮುಷ್ಕರ, ದಾರಿದ್ರ್ಯ ಇವು ಬಹುಮಟ್ಟಿಗೆ ಹೊರಗುಳಿದುವು. ಲಕ್ಷಾಂತರ ಜನರನ್ನು ಒಂದೇ ಚಿತ್ರದಿಂದ ಕರೆಯಬೇಕಾದಾಗ, ಯಾರನ್ನೂ ಕೆರಳಿಸದ ವಸ್ತುವನ್ನೇ ಆರಿಸಬೇಕಾಗುತ್ತದೆ. ಈ ಪ್ರಸನ್ನತೆಯು ಕಲಾವಿದನ ಸ್ವಭಾವವಾಗಿದ್ದಂತೆಯೇ ವ್ಯಾಪಾರದ ಅವಶ್ಯಕತೆಯೂ ಆಗಿತ್ತು. ‘ಗುಡ್ ಹೌಸ್‌ಕೀಪಿಂಗ್’ ಪತ್ರಿಕೆಯಲ್ಲಿ ೧೯೧೭ರ ಡಿಸೆಂಬರಿನಿಂದ ೧೯೩೩ರವರೆಗೆ ತಿಂಗಳು ತಪ್ಪದೆ ಶಿಶುಗಳನ್ನೂ ಬಾಲಕರನ್ನೂ ಚಿತ್ರಿಸಿದ ಜೆಸ್ಸಿ ವಿಲ್‌ಕಾಕ್ಸ್ ಸ್ಮಿತ್ ಅವರ ಮುಖಪುಟಗಳಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿಯ ಉದ್ದಿಷ್ಟ ವಾಚಕಿ ತಾಯಿ; ಚಿತ್ರದಲ್ಲಿ ಅವಳು ಕಾಣಬೇಕಾದುದು ತನ್ನ ಮಗು.

೪. ಸೂಜಿಗಲ್ಲಿನ ಸಿದ್ಧಾಂತ

ಎಲ್ಲರನ್ನೂ ಕರೆಯುವ ಈ ರೀತಿಗೆ ವಿರುದ್ಧವಾದ ಇನ್ನೊಂದು ರೀತಿಯನ್ನು ಸ್ಪಷ್ಟವಾಗಿ ಪ್ರತಿಪಾದಿಸಿದವರು ಕಾಂಡೆ ನಾಸ್ಟ್. ಅವರು ೧೯೦೯ರಲ್ಲಿ ‘ವೋಗ್’ ಪತ್ರಿಕೆಯನ್ನು ಕೊಂಡರು. ಅನಂತರ ೧೯೧೩ರಲ್ಲಿ ಬರೆದ ಒಂದು ಲೇಖನದಲ್ಲಿ ತಮ್ಮ ನೀತಿಯನ್ನು ಒಂದು ಉಪಮಾನದಿಂದ ವಿವರಿಸಿದರು. ಒಂದು ತಟ್ಟೆಯಲ್ಲಿ ಇಪ್ಪತ್ತು ಲಕ್ಷ ಸೂಜಿಗಳಿವೆ, ಅವುಗಳಲ್ಲಿ ಒಂದೂವರೆ ಲಕ್ಷಕ್ಕೆ ಮಾತ್ರ ಚಿನ್ನದ ತುದಿಯಿದೆ ಎಂದಿಟ್ಟುಕೊಳ್ಳೋಣ. ಒಂದೊಂದನ್ನೇ ಆರಿಸುವುದು ಎಂದಿಗೂ ಮುಗಿಯದ ಕೆಲಸ. ಚಿನ್ನದ ತುದಿಯವನ್ನು ಮಾತ್ರ ಸೆಳೆಯುವ ಸೂಜಿಗಲ್ಲು ದೊರೆತರೆ ಎಷ್ಟು ಅನುಕೂಲ! ತಮ್ಮ ಪತ್ರಿಕೆಯು ಅಂತಹ ಸೂಜಿಗಲ್ಲೆಂದು ನಾಸ್ಟರ ವಾದ. ಜಾಹೀರಾತುದಾರನಿಗೆ ಅವರು ಮಾರಿದುದು ಸಂಖ್ಯೆಯನ್ನಲ್ಲ, ಆಯ್ಕೆಯನ್ನು. ಬೇಡದ ವಾಚಕನನ್ನು ದೂರವಿಡುವುದೂ ಮುಖಪುಟದ ಕರ್ತವ್ಯವಾಗಬಹುದೆಂಬ ಮಾತು ಇಲ್ಲಿ ಮುಚ್ಚುಮರೆಯಿಲ್ಲದೆ ಬಂದಿದೆ.

ಹೆಲೆನ್ ಡ್ರೈಡನ್, ಜಾರ್ಜ್ ಪ್ಲ್ಯಾಂಕ್, ಜಾರ್ಜ್ ಲೆಪಾಪ್ ಮೊದಲಾದವರು ‘ವೋಗ್’ ಪತ್ರಿಕೆಗೆ ಬರೆದ ಮುಖಪುಟಗಳಲ್ಲಿ ನವಿಲು, ಉದ್ಯಾನ, ನೀಳವಾದ ಉಡುಪು ತೊಟ್ಟ ಕೃಶಾಂಗಿಯರು ಕಾಣುತ್ತಾರೆ. ಮುಖಗಳು ದಾರಿಹೋಕನನ್ನು ನೋಡಿ ನಗುವುದಿಲ್ಲ. ಹಲವು ವೇಳೆ ಬೇರೆಡೆಗೆ ತಿರುಗಿರುತ್ತವೆ. ‘ಪೋಸ್ಟ್’ ಚಿತ್ರಗಳ ನೆರೆಹೊರೆಯ ಸಲಿಗೆಯನ್ನು ಇದರೊಡನೆ ಹೋಲಿಸಿದರೆ ಎರಡು ವಾಚಕವರ್ಗಗಳ ನಡುವಣ ಅಂತರವು ಅಂಗೈಯ ನೆಲ್ಲಿಯಂತೆ ತೋರುತ್ತದೆ. ೧೯೩೨ರ ಜುಲೈಯಲ್ಲಿ ಎಡ್ವರ್ಡ್ ಸ್ಟೈಕನ್ ತೆಗೆದ ಈಜುಡುಗೆಯ ತರುಣಿಯ ವರ್ಣಛಾಯಾಚಿತ್ರವು ಅದರ ಮುಖಪುಟಕ್ಕೆ ಬಂದಿತು. ಅಲ್ಲಿಂದ ಮುಂದೆ ಕುಂಚದ ಸ್ಥಾನವನ್ನು ಕ್ಯಾಮರಾ ಕ್ರಮೇಣ ಆಕ್ರಮಿಸಿತು.

ಇದೇ ಸಿದ್ಧಾಂತದ ಬೇರೆ ಬೇರೆ ರೂಪಗಳನ್ನು ಆ ಕಾಲದ ಇತರ ಪತ್ರಿಕೆಗಳಲ್ಲಿಯೂ ಕಾಣಬಹುದು. ೧೯೨೫ರ ಫೆಬ್ರುವರಿ ೨೧ರಂದು ಹೊರಟ ‘ನ್ಯೂಯಾರ್ಕರ್’ ತಾನು ಹಳ್ಳಿಗಾಡಿನ ಮುದುಕಿಯರಿಗಾಗಿ ಅಲ್ಲವೆಂದು ಪ್ರಕಟಣಪತ್ರದಲ್ಲಿಯೇ ಸಾರಿತ್ತು. ರೇ ಅರ್ವಿನ್ ಬರೆದ ಅದರ ಮೊದಲ ಮುಖಪುಟದಲ್ಲಿ ಎತ್ತರದ ಟೋಪಿಯ ಶೋಕಿಲಾಲನೊಬ್ಬನು ಒಂಟಿಗಣ್ಣಿನ ಕನ್ನಡಕದ ಮೂಲಕ ಚಿಟ್ಟೆಯನ್ನು ನಿರೀಕ್ಷಿಸುತ್ತಾನೆ. ಒಳಗೆ ಏನಿದೆಯೆಂದು ಹೇಳುವ ಒಂದಕ್ಷರವೂ ಅಲ್ಲಿಲ್ಲ. ಹೇಳಿಸಿಕೊಳ್ಳುವ ಅವಶ್ಯಕತೆಯಿಲ್ಲದವನೇ ಅದರ ವಾಚಕ. ‘ರೀಡರ್ಸ್ ಡೈಜೆಸ್ಟ್’ ಇದಕ್ಕೆ ನೇರ ವಿರುದ್ಧ. ೧೯೨೨ರಲ್ಲಿ ಹುಟ್ಟಿದ ಆ ಪುಟ್ಟ ಪತ್ರಿಕೆ ದಶಕಗಳ ಕಾಲ ವಿಷಯಸೂಚಿಯನ್ನೇ ಮುಖಪುಟವಾಗಿ ಅಚ್ಚುಹಾಕಿತು. ಅಮೆರಿಕದಲ್ಲಿ ೧೯೫೫ರವರೆಗೆ ಜಾಹೀರಾತುಗಳನ್ನೇ ಸ್ವೀಕರಿಸದಿದ್ದ ಪತ್ರಿಕೆಗೆ ಇಂತಹ ಸರಳತೆ ಸಾಧ್ಯವಾಯಿತೆಂಬುದು ನಮ್ಮ ವಾದವನ್ನು ಸಮರ್ಥಿಸುತ್ತದೆ: ಎರಡನೆಯ ಮಾರಾಟವಿಲ್ಲದೆಡೆ ಮುಖಪುಟವು ವಾಚಕನೊಡನೆ ಮಾತ್ರ ಮಾತನಾಡಬಹುದು.

೧೯೨೩ರಲ್ಲಿ ಪ್ರಾರಂಭವಾಗಿ, ೧೯೨೭ರ ಜನವರಿಯಲ್ಲಿ ಕೆಂಪು ಅಂಚನ್ನು ಧರಿಸಿದ ‘ಟೈಮ್’ ವಾರಪತ್ರಿಕೆಯು ವಾರಕ್ಕೊಬ್ಬ ವ್ಯಕ್ತಿಯ ಮುಖವನ್ನು ಪ್ರಕಟಿಸುವ ಸಂಪ್ರದಾಯವನ್ನು ಬೆಳೆಸಿತು. ಬಿಡುವಿಲ್ಲದ ಮಧ್ಯಮವರ್ಗದ ವಾಚಕನಿಗೆ ಜಗತ್ತಿನ ಆಗುಹೋಗುಗಳನ್ನು ಒಬ್ಬ ಮನುಷ್ಯನ ಮುಖದ ಮೂಲಕ ತಿಳಿಸುವುದು ಇದರ ಉದ್ದೇಶ. ಈ ಸಂಪ್ರದಾಯದ ಹಿಂದೆ ಚರಿತ್ರೆಯ ಬಗೆಗೆ ಒಂದು ನಂಬಿಕೆಯೇ ಅಡಗಿದೆ: ವ್ಯಕ್ತಿಗಳು ಚರಿತ್ರೆಯನ್ನು ಮಾಡುತ್ತಾರೆ ಎಂಬುದು. ೧೯೩೧ರ ಜನವರಿ ೫ರ ಸಂಚಿಕೆಯಲ್ಲಿ ಗಾಂಧೀಜಿಯವರನ್ನು ವರ್ಷದ ವ್ಯಕ್ತಿಯೆಂದು ಆ ಪತ್ರಿಕೆ ಮುಖಪುಟದಲ್ಲಿ ಪ್ರಕಟಿಸಿತು. ಆಗ ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿದ್ದರು. ದಂಡಿಯಿಂದ ಅಂಕೋಲೆಯವರೆಗೆ ಕಡಲ ತೀರದಲ್ಲಿ ಉಪ್ಪನ್ನೆತ್ತಿದ ಸಾವಿರಾರು ಜನರ ಸತ್ಯಾಗ್ರಹವು ಒಂದು ಮುಖವಾಗಿ ಸಂಕ್ಷಿಪ್ತವಾಯಿತು. ಭಾರತದ ಹೋರಾಟದ ಸುದ್ದಿ ಅಮೆರಿಕದ ಮನೆಗಳಿಗೆ ಈ ಮೂಲಕ ಮುಟ್ಟಿದುದು ಲಾಭವೇ ಸರಿ. ಆ ಜನಸಮೂಹವು ಚಿತ್ರದಿಂದ ಮರೆಯಾದುದು ಈ ವಿನ್ಯಾಸದ ಮಿತಿ.

೫. ಮುಖಪುಟದ ಹೊರಗುಳಿದವರು

ಎಲ್ಲರ ಮನೆಯ ಪತ್ರಿಕೆಯೆಂದು ಮೆರೆದ ‘ಪೋಸ್ಟ್’ ಮುಖಪುಟಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ದೇಶದ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲಾಗಿದ್ದ ಕಪ್ಪು ಜನಾಂಗದವರು ಅಲ್ಲಿ ಅತಿವಿರಳ. ೧೯೪೬ರ ಡಿಸೆಂಬರ್ ೭ರ ಮುಖಪುಟದಲ್ಲಿ ರಾಕ್‌ವೆಲ್ ರೈಲುಗಾಡಿಯ ಊಟದ ಡಬ್ಬಿಯನ್ನು ಚಿತ್ರಿಸಿದ್ದಾರೆ. ಬಿಳಿಯ ಹುಡುಗನೊಬ್ಬನು ಹಣವನ್ನು ಲೆಕ್ಕಹಾಕುತ್ತಿದ್ದಾನೆ. ಪಕ್ಕದಲ್ಲಿ ಕಪ್ಪು ಜನಾಂಗದ ಪರಿಚಾರಕನು ಮುಗುಳ್ನಗುತ್ತ ನಿಂತಿದ್ದಾನೆ. ಚಿತ್ರದಲ್ಲಿ ಪ್ರೀತಿಯಿದೆ, ಸೂಕ್ಷ್ಮತೆಯಿದೆ. ಆದರೆ ಸೇವಕರಾಗಿ ಹೊರತು ಕಪ್ಪು ಜನರನ್ನು ಚಿತ್ರಿಸಕೂಡದೆಂದು ಲಾರಿಮರ್ ತಮಗೆ ತಿಳಿಸಿದ್ದರೆಂದು ರಾಕ್‌ವೆಲ್ ಮುಪ್ಪಿನಲ್ಲಿ ಹೇಳಿದ ಮಾತನ್ನು ಅರಿತಮೇಲೆ ಆ ಚಿತ್ರವನ್ನು ನಾವು ಮೊದಲಿನಂತೆ ನೋಡಲಾರೆವು. ಲಾರಿಮರ್ ಸಂಪಾದಕಸ್ಥಾನವನ್ನು ಬಿಟ್ಟು ಹತ್ತು ವರ್ಷವಾಗಿದ್ದರೂ ರೂಢಿಯು ಚಿತ್ರದಲ್ಲಿ ಉಳಿದಿತ್ತು. ಅದು ಮುಖಪುಟದ ಮೇಲೆ ಎಲ್ಲಿಯೂ ಬರೆದಿಲ್ಲದ ನಿಯಮ. ನೂರಾರು ಸಂಚಿಕೆಗಳನ್ನು ಒಟ್ಟಿಗೆ ನೋಡಿದವನಿಗೆ ಮಾತ್ರ ಗೋಚರವಾಗತಕ್ಕದ್ದು. ಬಿಡಿಚಿತ್ರದಿಂದ ನಿರ್ಣಯಕ್ಕೆ ಬರಬಾರದೆಂಬ ಪಾಠವೂ ಇದರಲ್ಲಿದೆ.

ಹೊರಗುಳಿದವರು ಸುಮ್ಮನಿರಲಿಲ್ಲ. ೧೯೧೦ರ ನವೆಂಬರಿನಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರ ಸಂಪಾದಕತ್ವದಲ್ಲಿ ‘ಕ್ರೈಸಿಸ್’ ಎಂಬ ಮಾಸಪತ್ರಿಕೆ ಒಂದು ಸಾವಿರ ಪ್ರತಿಗಳೊಡನೆ ಆರಂಭವಾಯಿತು. ಹತ್ತು ವರ್ಷ ತುಂಬುವ ಮೊದಲೇ ಅದರ ಪ್ರಸಾರ ಲಕ್ಷದ ಸಮೀಪಕ್ಕೆ ಬಂದಿತು. ಪ್ರತಿ ವರ್ಷವೂ ಅದು ಮಕ್ಕಳ ಸಂಚಿಕೆಯನ್ನೂ ವಿದ್ಯಾಭ್ಯಾಸದ ಸಂಚಿಕೆಯನ್ನೂ ಹೊರಡಿಸುತ್ತಿತ್ತು. ಪದವೀಧರರಾದ ತರುಣ ತರುಣಿಯರು, ಚೊಕ್ಕಟವಾಗಿ ಉಡುಪು ತೊಟ್ಟ ಮಕ್ಕಳು ಅದರಲ್ಲಿ ಕಾಣುತ್ತಿದ್ದರು. ಮಗುವಿನ ಚಿತ್ರವೆಂಬುದು ಆ ಕಾಲದ ಮುಖಪುಟಗಳಲ್ಲಿ ಅತಿಸಾಮಾನ್ಯವಾದ ವಸ್ತು. ಇಲ್ಲಿಯಾದರೋ ಅದು ಹಕ್ಕಿನ ಸ್ಥಾಪನೆಯಾಗಿತ್ತು. ಸಂಪ್ರದಾಯವು ಒಂದೇ ಆದರೂ ವಾಚಕನು ಬದಲಾದಾಗ ಅರ್ಥವು ಬದಲಾಗುವುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು.

೧೯೪೫ರ ನವೆಂಬರಿನಲ್ಲಿ ಶಿಕಾಗೋದಲ್ಲಿ ಜಾನ್ ಎಚ್. ಜಾನ್ಸನ್ ಪ್ರಾರಂಭಿಸಿದ ‘ಎಬೊನಿ’ಯು ೧೯೩೬ರಿಂದ ಪ್ರಸಿದ್ಧವಾಗಿದ್ದ ‘ಲೈಫ್’ ಪತ್ರಿಕೆಯ ದೊಡ್ಡ ಆಕಾರವನ್ನೂ, ಕೆಂಪು ಚೌಕದಲ್ಲಿ ಬಿಳಿಯ ಅಕ್ಷರಗಳ ಹೆಸರನ್ನೂ ಬುದ್ಧಿಪೂರ್ವಕವಾಗಿ ಅನುಸರಿಸಿತು. ಇದನ್ನು ಬರಿಯ ಅನುಕರಣವೆಂದು ತಳ್ಳಿಹಾಕುವುದು ಯುಕ್ತವಲ್ಲ. ದೇಶದ ಅತ್ಯಂತ ಪ್ರಸಿದ್ಧ ಮುಖಪುಟದ ಭಾಷೆಯಲ್ಲಿಯೇ ಮಾತನಾಡಿ, ಆ ಭಾಷೆ ತಮಗೂ ಸೇರಿದ್ದೆಂದು ಅದು ಸಾಧಿಸಿತು. ‘ಲೈಫ್’ ಪತ್ರಿಕೆಯಾದರೋ ಕಪ್ಪು ಜನಾಂಗದ ಮಹಿಳೆಯೊಬ್ಬರಿಗೆ, ನಟಿ ಡಾರೊತಿ ಡ್ಯಾಂಡ್ರಿಜ್ ಅವರಿಗೆ, ಮುಖಪು‌ಟದಲ್ಲಿ ಸ್ಥಾನಕೊಟ್ಟುದು ೧೯೫೪ರ ನವೆಂಬರಿನಲ್ಲಿ. ಅಮೆರಿಕದ ‘ವೋಗ್’ ೧೯೭೪ರವರೆಗೆ ಕಾಯಿತು.

೬. ೧೯೬೩ರ ಡಿಸೆಂಬರ್ ಮತ್ತು ಅನಂತರ

೧೯೬೩ರ ಡಿಸೆಂಬರ್ ತಿಂಗಳು ಈ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಡಿಸೆಂಬರ್ ೧೪ರ ‘ಪೋಸ್ಟ್’ ಸಂಚಿಕೆಯು, ಹಿಂದಿನ ತಿಂಗಳು ಹತರಾದ ಅಧ್ಯಕ್ಷ ಕೆನೆಡಿಯವರ ಸ್ಮರಣಾರ್ಥವಾಗಿ, ರಾಕ್‌ವೆಲ್ ಮೊದಲೇ ಬರೆದಿದ್ದ ಭಾವಚಿತ್ರವನ್ನು ಮರುಮುದ್ರಿಸಿತು. ಅದೇ ಅವರ ಕೊನೆಯ ‘ಪೋಸ್ಟ್’ ಮುಖಪುಟ. ಅದೇ ತಿಂಗಳಿನ ‘ಎಸ್ಕ್ವೈರ್’ ಮುಖಪುಟಕ್ಕಾಗಿ ಜಾರ್ಜ್ ಲೋಯಿಸ್ ಎಂಬ ವಿನ್ಯಾಸಕಾರರು, ಕಾರ್ಲ್ ಫಿಷರ್ ಅವರ ಕ್ಯಾಮರಾದ ಮುಂದೆ, ಕಪ್ಪು ಜನಾಂಗದ ಮುಷ್ಟಿಮಲ್ಲ ಸಾನಿ ಲಿಸ್ಟನ್ನರಿಗೆ ಸಾಂಟಾ ಕ್ಲಾಸನ ಕೆಂಪು ಟೋಪಿಯನ್ನು ತೊಡಿಸಿದರು. ಲಿಸ್ಟನ್ನರ ಮುಖದಲ್ಲಿ ನಗುವಿಲ್ಲ. ಲೈಯೆಂಡೆಕರ್, ರಾಕ್‌ವೆಲ್ಲರು ಅರ್ಧ ಶತಮಾನ ಕಾಲ ಕಟ್ಟಿದ ಡಿಸೆಂಬರಿನ ಸಂಪ್ರದಾಯವನ್ನು ಗೊತ್ತಿದ್ದ ವಾಚಕನಿಗೆ ಮಾತ್ರ ಅದರ ಪೆಟ್ಟು ತಾಕುವಂತಹುದು. ಪ್ರತಿಭಟನೆಯ ಪತ್ರಗಳು ಬಂದುವು. ಜಾಹೀರಾತುಗಳೂ ಕೈಬಿಟ್ಟುವೆಂದು ಲೋಯಿಸ್ ಹೇಳಿದ್ದಾರೆ. ಕೆಲವು ವಾರಗಳ ಮೇಲೆ, ೧೯೬೪ರ ಜನವರಿ ೧೪ರ ‘ಲುಕ್’ ಪತ್ರಿಕೆಯಲ್ಲಿ, ರಾಕ್‌ವೆಲ್ ಸರ್ಕಾರಿ ರಕ್ಷಕರ ನಡುವೆ ಶಾಲೆಗೆ ನಡೆದುಹೋಗುವ ಕಪ್ಪು ಬಾಲಕಿಯ ಚಿತ್ರವನ್ನು ಪ್ರಕಟಿಸಿದರು. ಅವರು ೧೯೬೧ರ ಏಪ್ರಿಲ್ ೧ರ ‘ಪೋಸ್ಟ್’ ಮುಖಪುಟದಲ್ಲಿ ಎಲ್ಲ ಜನಾಂಗದವರನ್ನೂ ಒಟ್ಟಿಗೆ ಚಿತ್ರಿಸಿ ಹಳೆಯ ರೂಢಿಯನ್ನು ಆಗಲೇ ಸಡಿಲಿಸಿದ್ದರು. ಆದರೂ ಬಾಲಕಿಯ ಈ ಚಿತ್ರವು ಒಳಪುಟದಲ್ಲಿ ಬಂದಿತು, ಮುಖಪುಟದಲ್ಲಲ್ಲ.

‘ಪೋಸ್ಟ್’ ಪತ್ರಿಕೆಯ ಅಂತ್ಯವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ದೂರದರ್ಶನವು ಕೋಟ್ಯಂತರ ನೋಟಕರನ್ನು ಜಾಹೀರಾತುದಾರನಿಗೆ ಒದಗಿಸಲಾರಂಭಿಸಿದಮೇಲೆ ಸಂಖ್ಯೆಯ ಬಲದಿಂದ ಪತ್ರಿಕೆಯು ಸೆಣಸುವಂತಿರಲಿಲ್ಲ. ೧೯೬೮ರಲ್ಲಿ ಅದರ ಆಡಳಿತವರ್ಗವು ಸುಮಾರು ೬೮ ಲಕ್ಷವಿದ್ದ ಪ್ರಸಾರವನ್ನು ೩೦ ಲಕ್ಷಕ್ಕೆ ಇಳಿಸಲು ತೀರ್ಮಾನಿಸಿ, ಜಾಹೀರಾತುದಾರರಿಗೆ ರುಚಿಸದ ಪ್ರದೇಶಗಳ ಚಂದಾದಾರರನ್ನು ಪಟ್ಟಿಯಿಂದ ತೆಗೆದುಹಾಕಿತು. ಹಣ ಕೊಟ್ಟು, ಓದಬಯಸಿ, ವರ್ಷಗಟ್ಟಲೆ ನಿಷ್ಠರಾಗಿದ್ದ ವಾಚಕರನ್ನೇ ಪತ್ರಿಕೆ ನಿರಾಕರಿಸಿತು. ನಾಸ್ಟರ ಸೂಜಿಗಲ್ಲನ್ನು ತಡವಾಗಿ ಹಿಡಿದ ಈ ಪ್ರಯತ್ನ ಫಲಿಸದೆ, ೧೯೬೯ರ ಫೆಬ್ರುವರಿಯಲ್ಲಿ ಪತ್ರಿಕೆ ನಿಂತುಹೋಯಿತು. ‘ಲೈಫ್’ ೧೯೭೨ರ ಕೊನೆಯಲ್ಲಿ ಅದೇ ದಾರಿಯನ್ನು ಹಿಡಿಯಿತು. ಎರಡು ಮಾರಾಟಗಳಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿದ ಪರಿಯಿದು.

೭. ಕನ್ನಡದ ಅಧ್ಯಯನಕ್ಕೆ ಸೂಚನೆಗಳು

ಅಮೆರಿಕದ ಈ ನಿದರ್ಶನವನ್ನು ಕನ್ನಡಕ್ಕೆ ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲ. ಇಲ್ಲಿಯ ಮಾರುಕಟ್ಟೆ, ಸಾಕ್ಷರತೆ, ಮುದ್ರಣದ ಅನುಕೂಲ ಎಲ್ಲವೂ ಬೇರೆ. ಆದರೂ ಕೇಳಬೇಕಾದ ಪ್ರಶ್ನೆಗಳು ಅವೇ. ೧೯೪೨ರಲ್ಲಿ ಎಂ. ಶಿವರಾಂ ಅವರು ಬೆಂಗಳೂರಿನಲ್ಲಿ ಪ್ರಾರಂಭಿಸಿದ ‘ಕೊರವಂಜಿ’, ೧೯೪೯ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’, ೧೯೫೬ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’, ೧೯೬೫ರ ‘ಸುಧಾ’ ಇವು ಒಂದೊಂದೂ ತನ್ನದೇ ಆದ ವಾಚಕನನ್ನು ಕಲ್ಪಿಸಿಕೊಂಡಿದ್ದುವು. ಇವುಗಳಲ್ಲಿ ‘ಚಂದಮಾಮ’ದ ಸಂದರ್ಭವು ವಿಶೇಷವಾದುದು. ಮದರಾಸಿನಲ್ಲಿ ಅಚ್ಚಾಗುತ್ತಿದ್ದ ಅದರ ಹಲವು ಭಾಷೆಯ ಆವೃತ್ತಿಗಳಿಗೆ ವರ್ಣಚಿತ್ರದ ಮುಖಪುಟ ಒಂದೇ. ಬದಲಾಗುತ್ತಿದ್ದುದು ಹೆಸರಿನ ಲಿಪಿ. ಎಂ. ಟಿ. ವಿ. ಆಚಾರ್ಯ, ವಡ್ಡಾದಿ ಪಾಪಯ್ಯ ಮೊದಲಾದ ಕಲಾವಿದರು ಪುರಾಣೇತಿಹಾಸಗಳ ವಸ್ತುವನ್ನು ಆರಿಸಿಕೊಂಡುದಕ್ಕೆ ಭಾಷೆಯ ಗಡಿಯನ್ನು ಮೀರಿ ಎಲ್ಲ ಮಕ್ಕಳಿಗೂ ತಿಳಿಯತಕ್ಕ ಚಿತ್ರ ಬೇಕಾಗಿದ್ದುದು ಒಂದು ಮುಖ್ಯ ಕಾರಣವಾಗಿರಬೇಕು. ಆ ಮುಖಪುಟಗಳು ಯಾವ ಮಕ್ಕಳ ಮನೆಯ ಕಥೆಗಳನ್ನು ಒಳಗೊಂಡುವು, ಯಾವುದನ್ನು ಬಿಟ್ಟುವು ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಪರಿಶೋಧಿಸಿದರೆ ಬೆಲೆಯುಳ್ಳ ಕೆಲಸವಾದೀತು.

ಆದರೆ ಇಂತಹ ಪರಿಶೋಧನೆಗೆ ಆಕರ ಉಳಿದಿರಬೇಕಷ್ಟೆ. ಸ್ಥಿರ ಮುಖಪುಟದ ಕಾಲದ ರೂಢಿಯನ್ನು ನಾವು ಮೊದಲು ಹೇಳಿದೆವು: ಸಂಚಿಕೆಗಳನ್ನು ಬೈಂಡು ಮಾಡಿಸುವಾಗ ಹೊದಿಕೆಯನ್ನೂ ಜಾಹೀರಾತಿನ ಪುಟಗಳನ್ನೂ ತೆಗೆದುಬಿಡುವುದು. ಮುಖಪುಟವು ಬದಲಾಗತೊಡಗಿದ ಮೇಲೂ ಗ್ರಂಥಾಲಯಗಳು ಹಲವೆಡೆ ಈ ರೂಢಿಯನ್ನು ಬಿಡಲಿಲ್ಲ. ಇದರಿಂದ ಸಂಪುಟದಲ್ಲಿ ಬರಹವು ಉಳಿಯಿತು. ಆ ಬರಹವನ್ನು ಯಾರಿಗಾಗಿ ಮಾರಿದರೆಂಬುದರ ಸಾಕ್ಷ್ಯವು ಹಾಳಾಯಿತು. ಯಾರು ಚಿತ್ರಿತರಾದರು, ಯಾರು ಬಿಟ್ಟುಹೋದರು ಎಂಬ ಪ್ರಶ್ನೆಗೆ ಉತ್ತರವು ಬಿಡಿಚಿತ್ರದಲ್ಲಿಲ್ಲ, ಸಾಲಿನಲ್ಲಿದೆ ಎಂಬುದನ್ನು ಮೇಲೆ ತೋರಿಸಿದ್ದೇವೆ. ಸಾಲು ಮುರಿದರೆ ಆ ಉತ್ತರವು ಶಾಶ್ವತವಾಗಿ ಕೈತಪ್ಪುತ್ತದೆ.

ಆದುದರಿಂದ ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ತಮ್ಮ ಗ್ರಂಥಾಲಯದ ಹಳೆಯ ಸಂಪುಟಗಳಲ್ಲಿ ಹೊದಿಕೆ ಸಹಿತವಾಗಿ ಉಳಿದಿರುವುವು ಯಾವುವೆಂದು ಪರೀಕ್ಷಿಸಿ ಪಟ್ಟಿಮಾಡಬೇಕು. ಮುಂದೆ ಬೈಂಡಿಗೆ ಕಳುಹಿಸುವ ಸಂಚಿಕೆಗಳನ್ನು ಹೊದಿಕೆ, ಜಾಹೀರಾತುಗಳೊಡನೆಯೇ ಕಟ್ಟಿಸಬೇಕು. ಊರಿನ ಹಳೆಯ ಮನೆಗಳ ಅಟ್ಟಗಳಲ್ಲಿ ದೊರೆಯುವ ಬಿಡಿ ಸಂಚಿಕೆಗಳನ್ನು, ಹರಿದಿದ್ದರೂ, ಸಂಗ್ರಹಿಸಬೇಕು. ಈ ಕೆಲಸಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಕಾಗದವಾದರೋ ವರ್ಷ ವರ್ಷಕ್ಕೂ ಜೀರ್ಣವಾಗುತ್ತಿದೆ.